ಕೆಫೆ ರೇಸರ್ ಗಾಡಿಯೂ ನಮ್ಮ ಘಟ್ಟದ ಹಾದಿಯೂ

ಈಚಿನ ಕೆಲವು ವರ್ಷಗಳಿಂದ ನಮ್ಮ ದೇಶದ ಪೇಟೆಗೆ ಬರುತ್ತಿರುವ ಮೋಟಾರು ಸೈಕಲುಗಳಲ್ಲಿ ಒಂದು ವಿಲಕ್ಷಣವಾದ ಜಾತಿಯುಂಟು. ನೋಟಕ್ಕೆ ಅದು ಅರುವತ್ತು ವರ್ಷದ ಹಿಂದಿನ ಗಾಡಿ. ಉದ್ದನೆಯ ಪೆಟ್ರೋಲು ತೊಟ್ಟಿ, ಹಿಂಬದಿಯಲ್ಲಿ ಗೂನುಬೆನ್ನಿನಂತೆ ಎದ್ದ ಒಂಟಿ ಪೀಠ, ಮುಂದಿನ ಗಾಲಿಯ ಕವಲಿಗೇ ಹತ್ತಿಸಿ ಬಿಗಿದ ಗಿಡ್ಡ ಹಿಡಿಕೆಗಳು, ಹಿಂದಕ್ಕೆ ಸರಿಸಿಟ್ಟ ಕಾಲುಮೆಟ್ಟು. ಸವಾರನು ನೆಟ್ಟಗೆ ಕೂರುವಂತಿಲ್ಲ. ತೊಟ್ಟಿಯ ಮೇಲೆ ಎದೆ ಊರುವಷ್ಟು ಬಾಗಿಯೇ ಕೂರಬೇಕು. ಒಳಗಣ ಯಂತ್ರವಾದರೋ ತೀರ ಇಂದಿನದು. ಇಂಧನವನ್ನು ಅಳೆದು ಚಿಮ್ಮಿಸುವುದಕ್ಕೂ ಕಿಡಿಯ ಗಳಿಗೆಯನ್ನು ಗೊತ್ತುಮಾಡುವುದಕ್ಕೂ ಅದರಲ್ಲಿ ಒಂದು ಪುಟ್ಟ ಗಣಕಯಂತ್ರ ಕುಳಿತಿದೆ. ಇದಕ್ಕೆ ಕೆಫೆ ರೇಸರ್ ಎಂದು ಹೆಸರು. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಚಹಾದಂಗಡಿಯ ಓಟದ ಗಾಡಿ.

ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಭತ್ತದ ಗದ್ದೆ, ಇವುಗಳ ನಡುವೆ ಹಾವಿನಂತೆ ಹರಿದ ಕಿರಿದಾದ ಡಾಂಬರು ರಸ್ತೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಊರುಗಳನ್ನು ಬಲ್ಲವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲಗೋಳದಂಥ ಊರಿನ ಹಾದಿಯಲ್ಲಿಯೂ ಈಗ ಇಂಥ ಗಾಡಿಯ ಗುಡುಗು ಕೇಳಿಬರುವುದು ಅಚ್ಚರಿಯಲ್ಲ. ಹಿರಿಯರು ಅದನ್ನು ಕೇಳಿ ಹುಬ್ಬು ಗಂಟಿಕ್ಕುತ್ತಾರೆ. ಮೂರು ಲಕ್ಷಕ್ಕೂ ಮಿಕ್ಕಿ ಬೆಲೆ ತೆತ್ತು ಬೆನ್ನು ನೋಯಿಸಿಕೊಳ್ಳುವ ಈ ಗಾಡಿ ಏತಕ್ಕೆ, ಮನೆಯ ಮಗ ಘಟ್ಟದ ತಿರುವಿನಲ್ಲಿ ಪ್ರಾಣ ಕಳೆದುಕೊಳ್ಳುವುದಕ್ಕೆಯೇ, ಎಂಬುದು ಅವರ ಅಳಲು. ಆ ಅಳಲನ್ನು ಹಗುರಾಗಿ ಕಾಣುವುದು ನಮಗೆ ಸಮ್ಮತವಲ್ಲ. ಆದರೆ ಗಾಡಿಯನ್ನು ಬರಿಯ ಪೋಕರಿತನದ ಕುರುಹೆಂದು ತಳ್ಳಿಹಾಕುವುದೂ ಸರಿಯಲ್ಲವೆಂದು ನಾವು ತಿಳಿಯುತ್ತೇವೆ. ಅದರ ಹುಟ್ಟಿನಲ್ಲಿ ಒಂದು ದೊಡ್ಡ ಗುಣವಿತ್ತು. ಅಂಗಡಿಯಲ್ಲಿ ಮಾರುವಾಗ ಆ ಗುಣವೊಂದನ್ನೇ ಬಿಟ್ಟು ಮಿಕ್ಕುದೆಲ್ಲವನ್ನೂ ಮಾರುತ್ತಿದ್ದಾರೆಂಬುದು ನಮ್ಮ ದೂರು.

ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆಯುವ ಹೊತ್ತಿಗೆ ಇಂಗ್ಲೆಂಡಿನ ಕಾರ್ಮಿಕರ ಮಕ್ಕಳ ಕೈಯಲ್ಲಿ ಮೊದಲ ಬಾರಿಗೆ ನಾಲ್ಕು ಕಾಸು ಓಡಾಡತೊಡಗಿತು. ಕಂತಿನ ಮೇಲೆ ಮೋಟಾರು ಸೈಕಲು ಸಿಕ್ಕುತ್ತಿತ್ತು. ಲಂಡನ್ನಿನ ಉತ್ತರ ವರ್ತುಲ ರಸ್ತೆಯಲ್ಲಿ ೧೯೩೮ರಲ್ಲಿ ತೆರೆದ ಏಸ್ ಕೆಫೆ ಎಂಬುದೊಂದು ಉಪಾಹಾರಗೃಹವಿತ್ತು. ಲಾರಿ ಚಾಲಕರಿಗಾಗಿ ಹಗಲಿರುಳೂ ತೆರೆದಿರುತ್ತಿದ್ದ ಆ ಅಂಗಡಿ ಇಂಥ ಹುಡುಗರ ಕೂಟಸ್ಥಾನವಾಯಿತು. ಹಾಡಿನ ಪೆಟ್ಟಿಗೆಗೆ ಒಂದು ನಾಣ್ಯ ಹಾಕಿ, ಹಾಡು ಮುಗಿಯುವುದರೊಳಗೆ ಗೊತ್ತಾದ ತಿರುವಿಗೆ ಹೋಗಿ ಬರಬೇಕೆಂದು ಪಂಥ ಕಟ್ಟುತ್ತಿದ್ದರೆಂಬ ಕಥೆ ಈಗಲೂ ಪ್ರಚಲಿತವಾಗಿದೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಗಂಟೆಗೆ ನೂರು ಮೈಲಿ, ಎಂದರೆ ೧೬೧ ಕಿಲೋಮೀಟರು, ಮುಟ್ಟಬೇಕೆಂಬ ಹುಚ್ಚು ಮಾತ್ರ ನಿಜವೇ. ೧೯೬೫ರ ಡಿಸೆಂಬರಿನವರೆಗೆ ಆ ದೇಶದ ಹೆದ್ದಾರಿಗಳಲ್ಲಿ ವೇಗಕ್ಕೆ ಮಿತಿಯೆಂಬುದೇ ಇರಲಿಲ್ಲ. ತಲೆಗಾಪನ್ನು ಕಡ್ಡಾಯಮಾಡಿದ್ದು ೧೯೭೩ರಲ್ಲಿ. ಎಷ್ಟೋ ಮಂದಿ ಎಳೆಯರು ಸತ್ತರು.

ಪಂಥವನ್ನು ನಾವು ಮೆಚ್ಚುವವರಲ್ಲ. ಮೆಚ್ಚತಕ್ಕದ್ದು ಆ ಹುಡುಗರು ಗಾಡಿಯನ್ನು ಪಡೆದ ಬಗೆ. ನೂರು ಮೈಲಿ ಓಡುವ ಗಾಡಿಯನ್ನು ಸಿದ್ಧರೂಪದಲ್ಲಿ ಕೊಳ್ಳುವುದು ಅವರಲ್ಲಿ ಹಲವರ ಶಕ್ತಿಗೆ ಮೀರಿದುದಾಗಿತ್ತು. ಆದುದರಿಂದ ಇದ್ದ ಗಾಡಿಯನ್ನೇ ಬಿಚ್ಚಿದರು. ಭಾರದ ಮಡ್‌ಗಾರ್ಡು ಕಿತ್ತರು, ಎತ್ತರದ ಹಿಡಿಕೆ ತೆಗೆದು ಗಿಡ್ಡದನ್ನು ಹಾಕಿದರು, ಕವಾಟಗಳನ್ನು ಉಜ್ಜಿ ಕೂರಿಸಿದರು. ನಾರ್ಟನ್ ಕಂಪೆನಿಯವರಿಗಾಗಿ ಬೆಲ್‌ಫಾಸ್ಟಿನ ಮಕ್ಯಾಂಡ್ಲೆಸ್ ಸಹೋದರರು ರಚಿಸಿದ ಚೌಕಟ್ಟೊಂದು ೧೯೫೦ರಲ್ಲಿ ಓಟದ ಕಣಕ್ಕೆ ಬಂದಿತ್ತು. ಕುಳಿತವನಿಗೆ ಹಂಸತೂಲಿಕೆಯ ಹಾಸಿಗೆಯ ಹಾಗೆ ಅನ್ನಿಸಿದ್ದರಿಂದ ಅದಕ್ಕೆ ಗರಿಹಾಸಿಗೆ ಎಂದೇ ಹೆಸರಾಯಿತು. ತಿರುವಿನಲ್ಲಿ ಅದರಷ್ಟು ಸ್ಥಿರವಾದ ಚೌಕಟ್ಟು ಆಗ ಬೇರೆ ಇರಲಿಲ್ಲ. ಇತ್ತ ಟ್ರಯಂಫ್ ಕಂಪೆನಿಯ ಜೋಡಿ ಸಿಲಿಂಡರಿನ ಎಂಜಿನು ಚುರುಕಿಗೆ ಪ್ರಸಿದ್ಧವಾಗಿತ್ತು. ಎರಡು ಬೇರೆ ಬೇರೆ ಕಾರ್ಖಾನೆಗಳ ಈ ಎರಡು ಸರಕನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ಒಂದುಗೂಡಿಸಿ ಹುಡುಗರು ಟ್ರೈಟನ್ ಎಂಬ ಮೂರನೆಯ ಗಾಡಿಯನ್ನು ಸೃಷ್ಟಿಸಿದರು. ಇದಕ್ಕೆ ಎಂಜಿನು ಕೂರುವ ತಟ್ಟೆಗಳನ್ನು ಅಳೆದು ಕತ್ತರಿಸಬೇಕು, ಸರಪಣಿಯ ಸಾಲು ಕೂದಲೆಳೆಯಷ್ಟೂ ಓರೆಯಾಗದಂತೆ ನೋಡಬೇಕು, ಭಾರವು ಎರಡು ಗಾಲಿಗಳಿಗೆ ಹಂಚುವ ಪ್ರಮಾಣವನ್ನು ತಿಳಿಯಬೇಕು. ಶಾಲೆಯನ್ನು ಹದಿನೈದಕ್ಕೇ ಬಿಟ್ಟ ಹುಡುಗರಿಗೆ ಯಂತ್ರಶಾಸ್ತ್ರದ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ದೊರೆಯುತ್ತಿತ್ತು?

ಮುಂದೆ ಕಾರ್ಖಾನೆಗಳೇ ಹುಡುಗರನ್ನು ಅನುಕರಿಸಿದವು. ಕಲಿಕೆಯ ಸವಾರರು ೨೫೦ ಘನ ಸೆಂಟಿಮೀಟರಿಗೆ ಮೀರಿದ ಗಾಡಿ ಓಡಿಸಕೂಡದೆಂದು ೧೯೬೧ರಲ್ಲಿ ಬ್ರಿಟಿಷ್ ಸರಕಾರ ವಿಧಿಸಿತು. ಆ ಮಿತಿಯೊಳಗೇ ಓಟದ ಚೆಲುವನ್ನು ತುಂಬಿ ರಾಯಲ್ ಎನ್‌ಫೀಲ್ಡ್ ಕಂಪೆನಿ ೧೯೬೪ರಲ್ಲಿ ಕಾಂಟಿನೆಂಟಲ್ ಜಿಟಿ ಎಂಬ ಗಾಡಿಯನ್ನು ಹೊರತಂದಿತು. ಅಷ್ಟರಲ್ಲಿ ಜಪಾನಿನ ಗಾಡಿಗಳು ಬಂದವು. ೧೯೭೦ರ ಹೊತ್ತಿಗೆ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆ ಮುಚ್ಚಿಹೋಯಿತು. ೧೯೫೫ರಲ್ಲಿ ಮದರಾಸಿನಲ್ಲಿ ನೆಟ್ಟ ಅದರ ಟೊಂಗೆ ಮಾತ್ರ ಬೇರೂರಿ ಬದುಕಿತು.

ಇಲ್ಲಿಂದ ಮುಂದಿನ ಕಥೆ ಸ್ವಾರಸ್ಯವಾದದ್ದು. ಆ ಮದರಾಸಿನ ಕಂಪೆನಿಯೇ ೨೦೧೩ರಲ್ಲಿ ಕಾಂಟಿನೆಂಟಲ್ ಜಿಟಿಯ ಹೆಸರನ್ನು ಮತ್ತೆ ಎತ್ತಿ, ೨೦೧೮ರಲ್ಲಿ ೬೪೮ ಘನ ಸೆಂಟಿಮೀಟರಿನ ಜೋಡಿ ಸಿಲಿಂಡರಿನ ಗಾಡಿಯನ್ನು ಮಾರಾಟಕ್ಕೆ ತಂದಿತು. ಇಂಗ್ಲೆಂಡಿನ ಚೌಕಟ್ಟು ತಯಾರಕರಾದ ಹ್ಯಾರಿಸ್ ಸಂಸ್ಥೆಯನ್ನು ೨೦೧೫ರಲ್ಲಿ ಅದು ಕೊಂಡುಕೊಂಡಿತ್ತು. ಬಿಎಸ್ಎ ಎಂಬ ಇನ್ನೊಂದು ಹಳೆಯ ಹೆಸರು ೨೦೧೬ರಲ್ಲಿ ಭಾರತೀಯರ ಕೈಗೆ ಬಂದಿತು. ೨೦೨೦ರ ಏಪ್ರಿಲಿನಲ್ಲಿ ಸಾಕ್ಷಾತ್ ನಾರ್ಟನ್ ಕಂಪೆನಿಯನ್ನೇ ಹೊಸೂರಿನ ಟಿವಿಎಸ್‌ನವರು ಒಂದು ಕೋಟಿ ಅರುವತ್ತು ಲಕ್ಷ ಪೌಂಡುಗಳಿಗೆ ಕೊಂಡರು. ಕನ್ನಡ, ತೆಲುಗು, ತಮಿಳು ಮೂರನ್ನೂ ಸಂತೆಯಲ್ಲಿ ಕೇಳಬಹುದಾದ ನಮ್ಮ ಗಡಿಯ ಊರು ಹೊಸೂರು. ೧೯೮೦ರಲ್ಲಿ ಟಿವಿಎಸ್ ೫೦ ಎಂಬ ಬಡವರ ಗಾಡಿ ಹುಟ್ಟಿದ್ದು ಅಲ್ಲಿಯೇ. ಹಿಂಡಿಯ ಚೀಲವನ್ನೋ ಹಾಲಿನ ಕ್ಯಾನನ್ನೋ ಹೇರಿಕೊಂಡು ಏರು ಹತ್ತುವ ಆ ಪುಟ್ಟ ಗಾಡಿಯ ಒಡೆಯರು ಇಂದು ನಾರ್ಟನ್ನಿನ ಒಡೆಯರು. ಅವರ ಕೈಕೆಳಗೆ ನಾರ್ಟನ್ ಹೊರತಂದ ವಿ೪ ಸಿಆರ್ ಎಂಬ ಕೆಫೆ ರೇಸರಿಗೆ ೧೨೦೦ ಘನ ಸೆಂಟಿಮೀಟರು, ೧೮೫ ಅಶ್ವಶಕ್ತಿ. ಮಾಡತಕ್ಕದ್ದು ಇನ್ನೂರೇ ಗಾಡಿಗಳೆಂದು ಸಾರಿದರು. ಟ್ರಯಂಫ್ ಹೆಸರಿನ ಥ್ರಕ್ಸ್‌ಟನ್ ೪೦೦ ಕೂಡ ಬಜಾಜ್‌ನವರ ಸಹಯೋಗದಲ್ಲಿ ೨೦೨೫ರಲ್ಲಿ ನಮ್ಮ ಪೇಟೆಗೆ ಬಂದಿತು. ಹೀಗೆ ಬ್ರಿಟಿಷ್ ಕೆಫೆ ರೇಸರಿನ ವಾರಸುದಾರಿಕೆ ಬಹುಪಾಲು ಭಾರತಕ್ಕೆ ಸಂದಿರುವುದರಿಂದ ಅದರ ಗುಣದೋಷಗಳನ್ನು ಕುರಿತು ಮಾತನಾಡುವ ಹಕ್ಕೂ ನಮಗೆ ಸಂದಿದೆಯೆಂದು ಭಾವಿಸುತ್ತೇವೆ.

ಮೊದಲು ಗುಣವನ್ನು ಹೇಳೋಣ. ಹಳೆಯ ಬ್ರಿಟಿಷ್ ಜೋಡಿ ಎಂಜಿನಿನಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು. ಪಿಸ್ಟನ್ನು ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಕ್ಷಣಕಾಲ ನಿಂತು ನಡುವೆ ಅತಿವೇಗವಾಗಿ ಚಲಿಸುವುದಷ್ಟೆ. ಎರಡೂ ಒಮ್ಮೆಲೇ ನಿಂತು ಒಮ್ಮೆಲೇ ಓಡಿದರೆ ಅವುಗಳ ಚಲನಶಕ್ತಿಯೆಲ್ಲವೂ ಸುತ್ತಿಗೆ ಎರಡು ಬಾರಿ ಕ್ರ್ಯಾಂಕಿನೊಳಕ್ಕೆ ನುಗ್ಗಿ ಎರಡು ಬಾರಿ ಹೊರಕ್ಕೆ ಬರಬೇಕು. ಅಲ್ಲದೆ ಇಬ್ಬರು ಒಟ್ಟಿಗೆ ಒನಕೆ ಹಾಕಿದಂತೆ ಕುಟ್ಟುವಿಕೆ ಇಮ್ಮಡಿಯಾಗುತ್ತದೆ. ಸವಾರನ ಕೈಬೆರಳು ಜೋಮು ಹಿಡಿಯುವುದೂ ತಿರುಪುಗಳು ತಾವಾಗಿ ಸಡಿಲಾಗುವುದೂ ಈ ಕಾರಣದಿಂದಲೇ. ೧೯೬೭ರಲ್ಲಿ ನಾರ್ಟನ್ನಿನವರು ತಮ್ಮ ಕಮಾಂಡೋ ಗಾಡಿಯಲ್ಲಿ ಎಂಜಿನನ್ನೇ ರಬ್ಬರಿನ ಮೇಲೆ ಕೂರಿಸಿ ರೋಗವನ್ನು ಮುಚ್ಚಿದರೇ ಹೊರತು ವಾಸಿಮಾಡಲಿಲ್ಲ. ಇಂದಿನ ೬೫೦ರ ಎಂಜಿನಿನಲ್ಲಿ ಕ್ರ್ಯಾಂಕಿನ ಎರಡು ಮೊಣಕೈಗಳನ್ನು ೨೭೦ ಅಂಶಗಳ ಅಂತರದಲ್ಲಿ ಇಟ್ಟಿದ್ದಾರೆ. ಒಂದು ಪಿಸ್ಟನ್ನು ತುದಿಯಲ್ಲಿ ನಿಂತಿರುವಾಗ ಇನ್ನೊಂದು ಹೆಚ್ಚುಕಡಿಮೆ ತನ್ನ ಪರಮವೇಗದಲ್ಲಿರುತ್ತದೆ. ಒಂದು ಕಳೆದುಕೊಂಡ ಶಕ್ತಿಯನ್ನು ಇನ್ನೊಂದು ಪಡೆಯುವುದರಿಂದ ತಿರುಗುವಿಕೆ ನಯವಾಗುತ್ತದೆ. ಉಳಿದ ಅಲುಗಾಟವನ್ನು ಒಂದು ಸಮತೋಲ ದಂಡ ಅಳಿಸುತ್ತದೆ. ಸ್ಫೋಟಗಳು ೨೭೦, ೪೫೦ ಅಂಶಗಳ ಅಸಮ ಅಂತರದಲ್ಲಿ ಸಂಭವಿಸುವುದರಿಂದ ಕಿವಿಗೆ ಕುದುರೆ ನಾಗಾಲೋಟದಲ್ಲಿ ಬಂದಂತೆ ಕೇಳುತ್ತದೆ. ಹಳೆಯ ಗಾಡಿಯ ರೂಪವಿದ್ದರೂ ಇದು ಹಳೆಯ ಗಾಡಿಯ ನಕಲಲ್ಲ. ಈ ಮಟ್ಟಿಗೆ ನಾವು ಅದನ್ನು ಮನಸಾರೆ ಹೊಗಳುತ್ತೇವೆ.

ಇನ್ನು ಕುಳಿತುಕೊಳ್ಳುವ ಭಂಗಿಯ ವಿಚಾರ. ಬಾಗಿ ಕೂರುವುದು ಬರಿಯ ಠೀವಿಯಲ್ಲ, ಅದಕ್ಕೊಂದು ಭೌತಶಾಸ್ತ್ರವುಂಟು. ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆ ಬೇಕಾಗುವ ಸಾಮರ್ಥ್ಯವು ವೇಗದ ಘನದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಪಾಲಾಗಬೇಕು. ಬಾಗಿದ ಸವಾರನು ಗಾಳಿಗೆ ಒಡ್ಡುವ ಅಡ್ಡಿ ನೆಟ್ಟಗೆ ಕುಳಿತವನ ಮೂರರಲ್ಲಿ ಎರಡು ಪಾಲೆಂದು ಹಿಡಿದು ನಾವು ಸ್ಥೂಲವಾಗಿ ಲೆಕ್ಕ ಹಾಕಿ ನೋಡಿದೆವು. ಗಂಟೆಗೆ ೧೬೦ ಕಿಲೋಮೀಟರಿನಲ್ಲಿ ನೆಟ್ಟಗೆ ಕುಳಿತವನಿಗೆ ಸುಮಾರು ೪೨ ಅಶ್ವಶಕ್ತಿ ಬೇಕು, ಬಾಗಿದವನಿಗೆ ೨೮ ಸಾಕು. ಉಳಿತಾಯ ೧೪ ಅಶ್ವಶಕ್ತಿ. ನೂರು ಮೈಲಿಯ ಕನಸು ಕಂಡ ಲಂಡನ್ನಿನ ಹುಡುಗರಿಗೆ ಇದು ಕಾಸಿಲ್ಲದೆ ಸಿಕ್ಕ ಎಂಜಿನು. ಅದೇ ಲೆಕ್ಕವನ್ನು ಹುಲಗೋಳದಿಂದ ಶಿರಸಿಗೆ ಹೋಗುವವನ ೪೦ ಕಿಲೋಮೀಟರಿನ ವೇಗಕ್ಕೆ ಹಚ್ಚಿದರೆ ಉಳಿತಾಯ ಅಶ್ವಶಕ್ತಿಯ ಕಾಲುಭಾಗಕ್ಕೂ ಕಡಿಮೆ. ಇಷ್ಟಕ್ಕಾಗಿ ಅವನು ಮುಂಗೈಗಳ ಮೇಲೆ ಮೈಭಾರ ಹೊತ್ತು, ಕತ್ತು ಸೆಟೆದು, ಎದುರಿನಿಂದ ಬರುವ ಬಸ್ಸನ್ನು ಹುಬ್ಬಿನ ಸಂದಿಯಿಂದ ನೋಡಬೇಕು. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಜಗ್ಗುವುದು ಯಾವ ಗಾಡಿಗೂ ಇದ್ದದ್ದೇ. ಈ ಭಂಗಿಯಲ್ಲಿ ಸವಾರನೂ ಅದರೊಡನೆ ಜಗ್ಗುತ್ತಾನೆ.

ತಿರುವಿನ ಲೆಕ್ಕ ಇನ್ನೂ ಕಠೋರವಾದದ್ದು. ತಿರುವಿನಲ್ಲಿ ಗಾಡಿ ಜಾರದೆ ಉಳಿಯಬಹುದಾದ ಪರಮವೇಗದ ವರ್ಗವು ಮೂರು ಅಂಶಗಳ ಗುಣಲಬ್ಧ: ತಿರುವಿನ ತ್ರಿಜ್ಯ, ಭೂಮಿಯ ಗುರುತ್ವ, ಟಯರಿಗೂ ನೆಲಕ್ಕೂ ಇರುವ ಘರ್ಷಣೆ. ೧೫ ಮೀಟರು ತ್ರಿಜ್ಯದ ಒಂದು ಕಡಿದಾದ ತಿರುವನ್ನು ತೆಗೆದುಕೊಳ್ಳೋಣ. ದೇವಿಮನೆಯ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದವರಿಗೆ ಕಡಿದಾದ ತಿರುವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ ೦.೭ ಎಂದಿಟ್ಟುಕೊಂಡರೆ ಮಿತಿ ಗಂಟೆಗೆ ೩೬ ಕಿಲೋಮೀಟರು. ಆಷಾಢದ ಮಳೆಗೆ ಹಾವಸೆ ಕಟ್ಟಿ, ಮೇಲೆ ಕೊಳೆತ ಎಲೆಯೂ ಕೆಮ್ಮಣ್ಣೂ ಹರಡಿ ಗುಣಾಂಕ ೦.೩ಕ್ಕೆ ಇಳಿಯಿತೋ, ಮಿತಿ ೨೪ ಕಿಲೋಮೀಟರು. ಈ ಸೂತ್ರದಲ್ಲಿ ಗಾಡಿಯ ತೂಕಕ್ಕೆ ಸ್ಥಾನವಿಲ್ಲ. ಅಶ್ವಶಕ್ತಿಗೂ ಸ್ಥಾನವಿಲ್ಲ. ಟಯರು ಒಳ್ಳೆಯದಿದ್ದರೆ ಗುಣಾಂಕ ತುಸು ಏರೀತು, ಅಷ್ಟೆ. ಶ್ರಾವಣದ ಒದ್ದೆ ತಿರುವಿನಲ್ಲಿ ೧೮೫ ಅಶ್ವಶಕ್ತಿಯ ನಾರ್ಟನ್ನೂ ಹಿಂಡಿಯ ಚೀಲ ಹೊತ್ತ ಮೊಪೆಡ್ಡೂ ಸರಿಸಮಾನ. ನಿಲ್ಲುವ ದೂರದ ಮಾತೂ ಹಾಗೆಯೇ. ಅದೇ ಒದ್ದೆ ರಸ್ತೆಯಲ್ಲಿ ೪೦ರ ವೇಗದಿಂದ ನಿಲ್ಲಲು, ಎಚ್ಚೆತ್ತು ಬ್ರೇಕು ಒತ್ತುವ ಒಂದು ಸೆಕೆಂಡೂ ಸೇರಿ, ೩೨ ಮೀಟರು ಬೇಕು. ೮೦ರಿಂದಾದರೆ ನೂರು ಮೀಟರಿಗೂ ಮೇಲೆ. ತಿರುವಿನಾಚೆ ಮೂವತ್ತು ಮೀಟರು ಕಾಣದ ಹಾದಿಯಲ್ಲಿ ಎರಡನೆಯ ಸಂಖ್ಯೆಯನ್ನು ಹೇಳಿದರೆ ಸಾಕು, ವಿವರಣೆ ಬೇಡ. ೧೨೫ ಘನ ಸೆಂಟಿಮೀಟರಿಗೆ ಮೇಲ್ಪಟ್ಟ ಗಾಡಿಗಳಲ್ಲಿ ಗಾಲಿ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್ ಬ್ರೇಕನ್ನು ೨೦೧೯ರ ಏಪ್ರಿಲಿನಿಂದ ಕಡ್ಡಾಯ ಮಾಡಿರುವುದು ಒಳ್ಳೆಯ ಕೆಲಸವೇ. ಆದರೆ ಅದು ಇದ್ದ ಘರ್ಷಣೆಯನ್ನು ಜಾಣತನದಿಂದ ಬಳಸೀತು, ಇಲ್ಲದ್ದನ್ನು ಹುಟ್ಟಿಸಲಾರದು.

ಹಿರಿಯರು ಮಗನಿಗೆ ಬರಿಯ ಗದರಿಕೆಯ ಬದಲು ಈ ಲೆಕ್ಕವನ್ನು ಹೇಳಿದರೆ ಹೆಚ್ಚು ನಾಟೀತೆಂದು ನಮಗೆ ತೋರುತ್ತದೆ. ಹತ್ತನೆಯ ತರಗತಿ ದಾಟಿದವನಿಗೆ ಇದರಲ್ಲಿ ತಿಳಿಯದ್ದೇನೂ ಇಲ್ಲ.

ಈಗ ನಮ್ಮ ದೂರಿಗೆ ಬರುತ್ತೇವೆ. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಅಲ್ಲಿಯ ಜಾವಾ, ಯೆಜ್ಡಿ ಗಾಡಿಗಳು ಎರಡು ಹೊಡೆತದವು, ಕವಾಟಗಳ ಗೋಜಿಲ್ಲ. ಒದೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿತ್ತು. ಹೊಗೆ ಹೋಗುವ ದಾರಿಯಲ್ಲಿ ಇಂಗಾಲ ಕಟ್ಟಿದರೆ ಒಡೆಯನು ತಾನೇ ಬಿಚ್ಚಿ ಕೆರೆದು ಮತ್ತೆ ಹಾಕುವನು. ಗ್ಯಾರೇಜಿನ ಹುಡುಗನು ನಾಲ್ಕು ಪಾನಾ, ಒಂದು ಸುತ್ತಿಗೆಯಲ್ಲಿ ಆ ವಿದ್ಯೆಯನ್ನೆಲ್ಲ ಕಲಿಯುತ್ತಿದ್ದ. ಹೊಗೆಯುಗುಳುವ ಆ ಎಂಜಿನು ಮತ್ತೆ ಬರಲೆಂದು ನಾವು ಹಾರೈಸುವುದಿಲ್ಲ. ಗಾಳಿ ಶುದ್ಧವಾಗಿರಬೇಕಾದರೆ ಗಣಕಯಂತ್ರ ಬೇಕೇ ಬೇಕು. ಆದರೆ ಆ ಗಣಕದ ಬಾಗಿಲಿಗೆ ಬೀಗ ಏಕೆ? ದೋಷವೇನೆಂದು ಅದನ್ನು ಕೇಳುವ ಉಪಕರಣ ಕಂಪೆನಿಯ ಮಾರಾಟಗಾರನ ಬಳಿ ಮಾತ್ರವಿದ್ದರೆ, ಒಂದು ಚಿಕ್ಕ ತಂತಿ ಕಿತ್ತರೂ ಗಾಡಿಯನ್ನು ಟೆಂಪೋ ಹತ್ತಿಸಿ ಹುಬ್ಬಳ್ಳಿಯ ದಾರಿ ಹಿಡಿಯಬೇಕಾದೀತು. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕನ್ನು ಕುರಿತು ೨೦೨೨ರ ಜುಲೈಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಮಾಹಿತಿಯ ಜಾಲತಾಣವನ್ನೂ ತೆರೆಯಿತು. ಬೇಸಾಯದ ಉಪಕರಣಗಳೊಡನೆ ವಾಹನಗಳೂ ಅದರಲ್ಲಿ ಸೇರಿವೆ. ಜಾಲತಾಣದಿಂದಲೇ ತೃಪ್ತರಾಗತಕ್ಕದ್ದಲ್ಲ. ದುರಸ್ತಿಯ ಕೈಪಿಡಿ, ಬಿಡಿಭಾಗಗಳ ಪಟ್ಟಿ, ದೋಷ ಓದುವ ಉಪಕರಣ, ಈ ಮೂರನ್ನೂ ನ್ಯಾಯವಾದ ಬೆಲೆಗೆ ಯಾವ ಗ್ಯಾರೇಜಿಗೂ ಕೊಡಬೇಕೆಂದು ಕಾನೂನೇ ವಿಧಿಸಬೇಕು.

ಇನ್ನೊಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ಕಾರ್ಖಾನೆ ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಶಬ್ದನಿರೋಧಕವನ್ನು ಕಿತ್ತು ಊರೆಬ್ಬಿಸುವವರ ಮಟ್ಟಿಗೆ ಈ ನಿಯಮ ಇನ್ನೂ ಬಿಗಿಯಾಗಲಿ, ನಮ್ಮ ಆಕ್ಷೇಪವಿಲ್ಲ. ಆದರೆ ಇಂದು ಶಿರಸಿಯ ಹುಡುಗನೊಬ್ಬ ಲಂಡನ್ನಿನ ಹುಡುಗರಂತೆ ಒಂದು ಗಾಡಿಯ ಚೌಕಟ್ಟಿಗೆ ಇನ್ನೊಂದರ ಎಂಜಿನು ಕೂರಿಸಿ ರಸ್ತೆಗಿಳಿದರೆ ಅಪರಾಧಿ. ಆ ಸಾಹಸದ ಅನುಕರಣವನ್ನು ಅಂಗಡಿಯಿಂದ ಕೊಂಡು ತಂದರೆ ರಸಿಕ! ರಸ್ತೆಯ ಸುರಕ್ಷತೆಗೆ ನಿಯಮ ಬೇಕು, ಸರಿ. ಕಲಿಯಬಯಸುವ ಕೈಗಳಿಗೆ ಒಂದು ಎಡೆಯೂ ಬೇಡವೇ? ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಹಳೆಯ ಗಾಡಿಗಳನ್ನು ಬಿಚ್ಚಿ ಬೆಸೆಯುವುದಕ್ಕೆ ಸಂಜೆಯ ಹೊತ್ತು ಹೊರಗಿನವರಿಗೂ ಅವಕಾಶವಿರಲಿ. ಹಾಗೆ ಮಾಡಿದ ಗಾಡಿಯನ್ನು ತಜ್ಞರು ಪರೀಕ್ಷಿಸಿ ಒಪ್ಪಿಗೆ ಕೊಡುವ ಸರಳ ಕ್ರಮವೊಂದು ಬರಲಿ.

ನಮ್ಮ ಜನಕ್ಕೆ ಇಂಥ ಬುದ್ಧಿ ಒಗ್ಗದೆಂದು ಯಾರಾದರೂ ಹೇಳಿದರೆ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಕಡೆಗೆ ಬೆರಳು ತೋರಿಸುತ್ತೇವೆ. ಅಡಿಕೆ ಮರ ಏರುವವರು ಸಿಕ್ಕದಾದಾಗ ಅವರು ಒಂದು ಪುಟ್ಟ ಪೆಟ್ರೋಲು ಎಂಜಿನು, ಒಂದು ಪೀಠ, ಹಿಡಿಕೆ, ಬ್ರೇಕು ಇವನ್ನು ಕೂಡಿಸಿ ಮರವನ್ನೇ ರಸ್ತೆಮಾಡಿಕೊಂಡು ಏರುವ ಗಾಡಿಯೊಂದನ್ನು ರಚಿಸಿದರು; ೨೦೧೯ರಲ್ಲಿ ಅದರ ಚಲಚ್ಚಿತ್ರ ದೇಶದ ತುಂಬ ಹರಡಿತು. ಕೈಗೆ ಸಿಕ್ಕ ಭಾಗಗಳಿಂದ ತನಗೆ ಬೇಕಾದ ಗಾಡಿಯನ್ನು ತಾನೇ ಮಾಡಿಕೊಳ್ಳುವುದು ಕೆಫೆ ರೇಸರಿನ ಲಕ್ಷಣವೆಂದಾದರೆ ಕರ್ನಾಟಕದ ಅಪ್ಪಟ ಕೆಫೆ ರೇಸರ್ ಆ ಮರವೇರುವ ಗಾಡಿಯೇ ಸರಿ. ವೇಗ ಸ್ವಲ್ಪ ಕಡಿಮೆ, ಒಪ್ಪುತ್ತೇವೆ.

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ನಾರ್ಟನ್ ವಿ೪ ಸಿಆರ್ ಗಾಡಿಯ ಪೆಟ್ರೋಲು ತೊಟ್ಟಿ ಕಾರ್ಬನ್ ಫೈಬರಿನದು. ಕೊನೆಗೌಡರು ವಿರಳರಾಗಿರುವ ಈ ದಿನಗಳಲ್ಲಿ ನಮ್ಮ ತೋಟಗಳಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸುವುದಕ್ಕೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೂ ಬಳಸುವ ಉದ್ದನೆಯ ದೋಟಿಯೂ ಅದೇ ಸರಕಿನದು. ಇಂಗಾಲದ ಎಳೆಗಳನ್ನು ಅಂಟಿನಲ್ಲಿ ನೆನೆಸಿ ಪದರಪದರವಾಗಿ ಗಟ್ಟಿಮಾಡಿದ ಈ ವಸ್ತು ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಎಷ್ಟೋ ಬಿರುಸು. ಆದರೆ ಪೆಟ್ಟು ಬಿದ್ದರೆ ಉಕ್ಕಿನಂತೆ ಡೊಂಕಾಗಿ ಎಚ್ಚರಿಕೆ ಕೊಡುವುದಿಲ್ಲ. ಹೊರಗೆ ಏನೂ ಕಾಣದೆ ಒಳಗೆ ಪದರ ಬಿಟ್ಟಿರುತ್ತದೆ, ಮುಂದೊಂದು ದಿನ ಭಾರ ಬಿದ್ದಾಗ ಫಕ್ಕನೆ ಮುರಿಯುತ್ತದೆ. ನಾಣ್ಯದಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿದರೆ ಒಳಗಿನ ಬಿರುಕಿನ ಸುಳಿವು ಹತ್ತುವುದುಂಟು. ಮುರಿದುದನ್ನು ಬೆಸೆಯುವ ಕ್ರಮವೂ ಉಂಟು. ತೋಟಿಗರ ಮನೆಯ ಹುಡುಗನೊಬ್ಬ ಈ ಕಸುಬನ್ನು ಕಲಿತನಾದರೆ ಅವನಿಗೆ ದೋಟಿಯೂ ಒಂದೇ, ನಾರ್ಟನ್ನಿನ ತೊಟ್ಟಿಯೂ ಒಂದೇ.

೧೯೬೨ರಲ್ಲಿ ಲಂಡನ್ನಿನ ಹ್ಯಾಕ್ನಿ ವಿಕ್ ಎಂಬಲ್ಲಿಯ ಬಿಲ್ ಶೆರ್ಗೋಲ್ಡ್ ಎಂಬ ಪಾದ್ರಿ ತಾನೇ ಮೋಟಾರು ಸೈಕಲು ಹತ್ತಿ ಏಸ್ ಕೆಫೆಗೆ ಹೋಗಿ ಆ ಹುಡುಗರನ್ನು ತನ್ನಲ್ಲಿಗೆ ಕರೆದ. ಊರೆಲ್ಲ ಅವರನ್ನು ಬೈಯುತ್ತಿದ್ದ ಕಾಲ ಅದು. ಐವತ್ತೊಂಬತ್ತರ ಕ್ಲಬ್ಬು ಎಂದು ಹೆಸರಾದ ಆ ಸಂಘದ ಮೋಟಾರು ಸೈಕಲು ಶಾಖೆಗೆ ಸಾವಿರಾರು ಮಂದಿ ಸೇರಿದರು. ಅದು ಇಂದಿಗೂ ನಡೆಯುತ್ತಿದೆ. ನಮ್ಮ ಕಡೆ ಯುವಕ ಮಂಡಲಗಳಿವೆ, ಸಹಕಾರಿ ಸಂಘಗಳಿವೆ, ಅವಕ್ಕೆ ಕಟ್ಟಡಗಳೂ ಇವೆ. ಮಳೆಗಾಲ ಹಿಡಿಯುವ ಮುನ್ನ ಒಂದು ಭಾನುವಾರ ಊರಿನ ಗಾಡಿಗಳನ್ನೆಲ್ಲ ಅಂಥ ಅಂಗಳದಲ್ಲಿ ಕೂಡಿಸಿ, ಬ್ರೇಕಿನ ಪಟ್ಟಿ, ಟಯರಿನ ಕಚ್ಚು, ಸರಪಣಿಯ ಬಿಗಿ ಇವನ್ನು ಬಲ್ಲವರಿಂದ ನೋಡಿಸಿ, ಒದ್ದೆ ನೆಲದಲ್ಲಿ ೨೦, ೪೦ರ ವೇಗದಿಂದ ನಿಲ್ಲುವ ದೂರವನ್ನು ಹುಡುಗರೇ ಹಗ್ಗ ಹಿಡಿದು ಅಳೆಯುವಂತೆ ಏರ್ಪಡಿಸಬಹುದು. ಖರ್ಚು ಚಹಾದ್ದು ಮಾತ್ರ.